ಘಳಿಗಿ ಮುರಿಯದ ಹೆಸರು

ಯಾದಗಿರಿ ನಗರಸಭೆಯಾಗ ನನ್ನ ಮೇಜಿನ ಮ್ಯಾಲ
ಎರಡು ರಿಜಿಸ್ಟರ್.
ಎಡಕ್ಕ ಹುಟ್ಟಿದವರು, ಬಲಕ್ಕ ಹೋದವರು,
ನಡುವ ನನ್ನ ಚಾದ ಕಪ್ಪಿನ ದುಂಡನೆ ಗುರ್ತು.
ಈಗ ಕಂಪ್ಯೂಟರ್ ಬಂದದ ಖರೆ,
ಕರೆಂಟ್ ಹೋದರ ಮತ್ತ ಇವೇ ಗತಿ.

ಹನ್ನೊಂದು ವರ್ಷ ಕುಂತು ನೋಡೀನಿ,
ದೊಂಡಮ್ಮ, ಸಾಬವ್ವ, ಅಡಿವೆಮ್ಮ, ಹಣಮವ್ವ
ಒಬ್ಬೊಬ್ಬರೇ ಬಲಕ್ಕ ಇಳದು ಹೋದರು.
ಎಡಕ್ಕ ಒಬ್ಬಾಕಿನೂ ಹೊಳ್ಳಿ ಬರಲಿಲ್ಲ.
ಎಡಕ್ಕ ಬರೋರು ಪ್ರಿಶಾ, ಆರ್ವಿ, ಮತ್ತೊಬ್ಬ ಪ್ರಿಶಾ.
"ಇದಕ್ಕ ಒತ್ತು ಎಲ್ಲಿ ಬರ್ತದ್ರಿ?" ಅಂತ ನಾ ಕೇಳಿದರ
ಅಪ್ಪಗಳು ಫೋನ್ ತಗದು ನೋಡ್ತಾರ.

ಹೋದ ಸೋಮವಾರ ತಮ್ಮನ ಹೆಣ್ತಿ ಅಂಬಿಕಾ
ಹದಿನೆಂಟು ದಿನದ ಕೂಸಿಗಿ ಎಣ್ಣಿ ಹಚ್ಚಕೋತ ಅಂದಳು,
"ಅಕ್ಕಾ, ಸೂಗಮ್ಮ ಅಂತ ಇಡೋಣೇನು?"
ಮನಿ ಸುಮ್ಮಾತು.
ಸೂಗಮ್ಮ ಅಂದರ ನಮ್ಮ ಆಯಿ.
ತಮ್ಮ ನಕ್ಕ. "ನಾಳಿ ಸಾಲಿಯಾಗ ಹಾಜರಿ ಕೂಗಿದರ
ಹಿಂದಿನ ಬೆಂಚಿನ ಹುಡುಗೂರು
ಮುದುಕಿಗತೆ ಕೆಮ್ಮತಾರ, ನೋಡು."

ಆ ಕೆಮ್ಮು ನಂಗ ಗೊತ್ತದ.
ನನ್ನ ಮುಂದಿನವು ಎರಡು ಕೂಸು ಉಳೀಲಿಲ್ಲಂತ
ನನ್ನ ಮರದಾಗ ಮಲಗಿಸಿ ತಿಪ್ಪಿ ಮ್ಯಾಲ ಇಟ್ಟು
ಕಸದಾಗ ಸಿಕ್ಕಾಕಿಗತೆ ಎತಗೊಂಡು ಬಂದು
ತಿಪ್ಪಮ್ಮ ಅಂದರು.
ಸಾವು ಮೂಗು ಮುಚಗೊಂಡು ಹೋಯ್ತು, ನಾ ಉಳದೆ.
ಉಳದ ಮ್ಯಾಲ ಆ ಹೆಸರಿನ ಕೂಡ ಬದುಕೋದು ಬ್ಯಾರೇನೇ ಮಾತು.
ಏಳನೇತ್ತಾದಾಗ ಹೆಡ್ ಮಾಸ್ತರು ಗೀಟು ಹೊಡದು
ಮ್ಯಾಲ ತ್ರಿವೇಣಿ ಅಂತ ಬರದಾಗ
ಮನೀತನಕ ಓಡಕೋತ ಬಂದಿದ್ದೆ.
ಅವ್ವ ಅವತ್ತು ಉಣಲಿಲ್ಲ.

ಅದಕ್ಕ ಅಂದೆ, ಬ್ಯಾಡ ಅಂಬಿಕಾ.
ಆಕಿ ಕೂಸನ್ನ ಬೋರಲ ಹಾಕಿ ಬೆನ್ನು ತಿಕ್ಕಿದಳು.
"ನಮ್ಮ ಕ್ಲಾಸಿನಾಗ ಐದು ಮಂದಿ ಅಂಬಿಕಾ ಇದ್ವಿ.
ನಾ ಅಂಬಿಕಾ ಬಿ.
ಆರು ವರ್ಷ ನಾ ಬರೇ ಬಿ, ಅಕ್ಕಾ."

"ಆದ್ರೂ ಭಾಳ ಹಳೇದಾಯ್ತು."

ಅಕ್ಕಿ ಆರಸಕೋತ ಕುಂತ ಅವ್ವ ಆಗ ತಲಿ ಎತ್ತಿದಳು.
"ಹಳೇದು ಹೆಂಗ ಆಯ್ತದ? ಬಳಸಿದ್ದರ ಯಾವಾಗ?
ನಿಮ್ಮ ಮುತ್ಯಾ ಕರೀತಿದ್ದದ್ದು 'ಏ ಇಕಿನ'.
ಊರ ಮಂದಿಗಿ ಬಡಗ್ಯಾರ ಸೊಸಿ.
ನಮಗ ಅತ್ತಿ, ನಿಮಗ ಆಯಿ.
ಎಂಬತ್ತೆಂಟು ವರ್ಷದಾಗ ಹೆಸರು ಹಿಡದು ಕರದಂವ
ರೇಷನ್ ಅಂಗಡಿಯಂವ ಒಬ್ಬನ.
ತಿಂಗಳಿಗೊಮ್ಮಿ.
ಅವತ್ತು ಆಕಿ ಚಂದನ ಸೀರಿ ಉಟಗೊಂಡು ಹೋಗ್ತಿದ್ದಳು.
ನಾವು ಅಂತಿದ್ವಿ, ಜ್ವಾಳ ತರಲಾಕ ಇಷ್ಟ್ಯಾಕ ಸಿಂಗಾರ?"

ಮತ್ತ ಅಕ್ಕಿಯಾಗಿನ ಹಳ್ಳ ಆರಿಸಿದಳು.

ಮರುದಿನ ಬಲಗಡೆ ರಿಜಿಸ್ಟರ್ ತಗದೆ.
ನಾಕು ವರ್ಷ ಹಿಂದ, ನನ್ನದೇ ಅಕ್ಷರ,
'ಸೂಗಮ್ಮ ಗಂಡ ಸಾಬಣ್ಣ'.
ಅವಸರದಾಗ ಬರೆದಿದ್ದೆ, ಕ್ಯೂ ದೊಡ್ಡದಿತ್ತು.
ಅವತ್ತು ಅಳು ಬಂದಿರಲಿಲ್ಲ.
ಈಗ ನೋಡಿದರ ಹೆಸರು ಎಲ್ಲೂ ಹರದಿಲ್ಲ, ಮಾಸಿಲ್ಲ,
ಟ್ರಂಕಿನ ತಳದಾಗಿನ ಸೀರಿಗತೆ
ಘಳಿಗಿ ಸುದ್ದಾ ಮುರದಿಲ್ಲ.
ನನ್ನ ಹೆಸರಿನ ಮಾತು ಬ್ಯಾರೆ.
ಅದು ಸಾವಿನ ಕಣ್ಣಿಗಿ ಮಣ್ಣು ಹಾಕಲಾಕ ಇಟ್ಟದ್ದು.
ಇದನ್ನ ಕರೀಲಾಕಂತನೇ ಇಟ್ಟಿದ್ದರು,
ಯಾರೂ ಕರೀಲಿಲ್ಲ, ಅಷ್ಟ.

ಐತವಾರ ತೊಟ್ಟಿಲ.
ಬೆಟ್ಟದ ಕ್ವಾಟಿ ಕಡಿಂದ ಸುಡುಸುಡು ಗಾಳಿ,
ಬುಟ್ಟಿ ತುಂಬ ಕಡ್ಲಿ ಗುಗ್ಗರಿ.
ಸೋದರತ್ತಿ ನಾನ, ಬಗ್ಗಿದೆ.
ಹಿಂದ ಹೆಣಮಕ್ಕಳು ಮುಷ್ಟಿ ಬಿಗಿ ಹಿಡದು ತಯಾರ.
ಹಸೀ ಕಡ್ಲಿ ಸುಲದಂಥ ಕಿವಿ,
ಅದರಾಗ ಬಾಯಿಟ್ಟು ಕುರ್ರ್ ಅಂದೆ.
ಆಮ್ಯಾಲ ಆ ಮೂರು ಅಕ್ಷರ.
ಆಯಿ ಹೆಸರು ನನ್ನ ಬಾಯಾಗ ಬಂದದ್ದು
ಅದೇ ಮೊದಲ ಸಲ, ಅಂದ ಮ್ಯಾಲ ತಿಳೀತು.
ಬೆನ್ನ ಮ್ಯಾಲ ದಬದಬ ಗುದ್ದು.
"ಏನಂದಿ? ಜೋರಲೆ ಹೇಳ!"

ನಾ ಬಾಯಿ ತೆರೆಯೋದ್ರಾಗ
ಕೂಸು ಸಣ್ಣಗ ಕೆಮ್ಮಿತು.
ಎಲ್ಲಾರೂ ತಮ್ಮನ ಮಾರಿ ನೋಡಿದರು.