ಮಗ್ಗುಲ ಗಾಳಿ

ಪಾರ್ಶ್ವವಾಯು! ಈ ಹೆಸರಿಟ್ಟವನು ಯಾರೋ,
ಒಮ್ಮೆಯಾದರೂ ದೋಣಿ ಹತ್ತಿದವನೇ ಇರಬೇಕು.
ಸ್ಟ್ರೆಚರಿನ ಮೇಲೆ ಚಿಂತಾಮಣಿ ತಾಂಡೇಲ
ಎಡಕ್ಕೆ ವಾಲಿದ್ದಾನೆ, ಬಾಯಿಯ ಎಡಮೂಲೆ ಜಾರಿದೆ,
ಬಲಗೈ ಮಾತ್ರ ಇಲ್ಲದ ಹಗ್ಗವನ್ನು ಎಳೆಯುತ್ತಲೇ ಇದೆ.

ಎಷ್ಟೊತ್ತಿಗೆ ಶುರುವಾಯಿತು? ಡಾಕ್ಟರು ಕೇಳಿದ್ದು ಮೂರನೇ ಸಲ.
ಬೈತಖೋಲದಿಂದ ರಿಕ್ಷಾದಲ್ಲಿ ಹೊತ್ತು ತಂದ ಹುಡುಗ
ಗೋಡೆಯ ಗಡಿಯಾರ ನೋಡಿದ, ಉತ್ತರ ಅಲ್ಲಿದ್ದ ಹಾಗೆ.
'ಹತ್ತಕ್ಕೆ ಡೀಸೆಲ್ ಲೆಕ್ಕ ಬರೆಸಿದ, ನನಗೆ ಬೈದ.
ಹನ್ನೆರಡಕ್ಕೆ ಏಳಿಸಹೋದರೆ ಬಲೆರಾಶಿಯ ಮೇಲೆ ಹೀಗೆ.'
ನಡುವಿನ ಎರಡು ತಾಸು ಯಾರೂ ಕಾಣದ ಕಡಲು.
ಹತ್ತರಿಂದಲೇ ಎಣಿಸಬೇಕು ಎಂದರು ಡಾಕ್ಟರು;
ಎರಡೂವರೆಗೆ ಬಾಗಿಲು ಮುಚ್ಚುತ್ತದೆ.

ಸಕ್ಕರೆ ನೂರ ಹನ್ನೆರಡು. ಅದಲ್ಲ.
ನೇರಳೆ ಮುಚ್ಚಳದ ನಳಿಕೆ ತೆಗೆದೆ.
ಉಪ್ಪುಗಟ್ಟಿದ ತೋಳು; ಸ್ಪಿರಿಟ್ಟಿನ ಹತ್ತಿಗೆ
ಮೀನಿನ ಒಂದು ಹುರುಪೆ ಅಂಟಿಕೊಂಡು ಬಂತು.

ಮಿದುಳಿನಲ್ಲಿ ನಕ್ಷತ್ರದಾಕಾರದ ಕೋಶಗಳಿವೆ.
(ಇವನಿಗೆ ಹೇಳಿದ್ದರೆ ನಗುತ್ತಿದ್ದ:
ನಕ್ಷತ್ರ ಇರುವುದು ಮೇಲೆ, ದಾರಿಗೆ.)
ನಾಳ ಒಡೆದು ನೆತ್ತರು ನುಗ್ಗಿದರೆ ಅವು ಪುಡಿಯಾಗಿ
ಆ ಪುಡಿ ತೋಳಿನ ಸಿರೆಯವರೆಗೂ ತೇಲಿ ಬರುತ್ತದೆ, ಬೇಗ.
ನಾಳ ಕಟ್ಟಿಕೊಂಡಿದ್ದರೆ, ಮೊದಲ ಕೆಲವು ತಾಸು,
ಅವು ಸದ್ದಿಲ್ಲದೆ ಸಾಯುತ್ತವೆ; ದಂಡೆಗೆ ಬರುವುದು ಅತ್ಯಲ್ಪ.
ಒಡೆದದ್ದಕ್ಕೂ ಕಟ್ಟಿದ್ದಕ್ಕೂ ಹೊರಗಿನ ಮುಖ ಒಂದೇ.
ಗಡ್ಡೆ ಕರಗಿಸುವ ಮದ್ದು
ಒಂದಕ್ಕೆ ಜೀವ, ಒಂದಕ್ಕೆ ವಿಷ.

ಪೆಟ್ಟಿಗೆ ಅಧ್ಯಯನಕ್ಕೆ ಬಂದದ್ದು. ಹದಿನೈದು ನಿಮಿಷ.
ಸಂಖ್ಯೆ ಬಂತು: ಕಡಿಮೆ, ತೀರ ಕಡಿಮೆ.
ಯಾರಿಗೂ ಹೇಳುವಂತಿಲ್ಲ,
ಪರೀಕ್ಷೆಗೇ ಇನ್ನೂ ಪರೀಕ್ಷೆ ನಡೆಯುತ್ತಿದೆ.
ಬರೆದು, ಮಡಚಿ, ಲಕೋಟೆಗೆ ಗೋಂದು ಹಚ್ಚಿದೆ.
ತಲೆಯ ಚಿತ್ರ ತೆಗೆಯುವ ಗುನಗಿ
ಕೋಡಿಬಾಗದಿಂದ ಹೊರಟಿದ್ದಾನಂತೆ.

ಕಾರಿಡಾರಿನಲ್ಲಿ ಹುಡುಗ ಹಿಡಿದು ನಿಲ್ಲಿಸಿದ.
'ಅಕ್ಕಾ, ರಕ್ತದಲ್ಲಿ ಏನು ಬಂತು?'
ಏಪ್ರನ್ನಿನ ಕಿಸೆಯಲ್ಲಿ ಲಕೋಟೆ ಇನ್ನೂ ಹಸಿ.
ಏನೂ ಬಂದಿಲ್ಲ, ಎಂದೆ.
ಇದಕ್ಕಿಂತ ಒಳ್ಳೆಯ ಮಾತು ಈ ರಾತ್ರಿ ನನ್ನಲ್ಲಿರಲಿಲ್ಲ.

ಅವನು ಅಳತೊಡಗಿದ.
ದಂಡೆಯವರಿಗೆ ಆ ಮಾತಿಗಿರುವ ಅರ್ಥ ಒಂದೇ,
ಖಾಲಿ ಬಲೆ.

ಹೊರಗೆ ಸ್ಕೂಟರಿನ ಸ್ಟ್ಯಾಂಡು ಎಳೆದ ಸದ್ದು.
ಗಂಟೆ ಒಂದು ಹತ್ತು.