ಒತ್ತು

ಎಲ್ವೆರುಮ್ ಆಸ್ಪತ್ರೆಯ ಮೂರನೆಯ ಮಹಡಿ.
ಕಿಟಕಿಯಾಚೆ ಗ್ಲೊಮ್ಮ ನದಿ, ಅರ್ಧ ಹೆಪ್ಪುಗಟ್ಟಿ.
ಮೇಜಿನ ಮೇಲೆ ಚಿತ್ರದ ಚೀಟಿ ಇಡುತ್ತೇನೆ,
ಬೆರಳಲ್ಲಿ ತಟ್ಟುತ್ತೇನೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ:
ಬ — ನಾನ್.

ಗುಡ್ಮಾರ್ ಕ್ವೆಬೆರ್ಗ್, ಎಪ್ಪತ್ತೊಂಬತ್ತು.
ಲಕ್ವ ಹೊಡೆದು ಏಳು ವಾರ.
ಬಲಗೈ ಮಡಿಲಲ್ಲಿದೆ, ಯಾರೋ ಮರೆತುಹೋದ ಕೈಗವಸಿನ ಹಾಗೆ.
ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ,
ಕೊನೆಗೆ ಎಡಮುಷ್ಟಿಯಲ್ಲಿ ಮೇಜು ಗುದ್ದಿ:
ಬನ್ನನ್.

ತಪ್ಪು, ಎಂದು ಗುರುತು ಹಾಕುತ್ತೇನೆ.
ಆಲೂಗಡ್ಡೆ. ನಾನು: ಪೊ — ಟೇಟ್.
ಅವರು: ಪೊಟ್ಟೆಟ್.
ಪತ್ರಿಕೆ. ಅ — ವೀಸ್.
ಅವ್ವಿಸ್.
ಹಡಗಿಳಿದು ಬಂದ ಪರದೇಶದ ಮಾತು,
ಭಾರ ಕೊನೆಗೇ ಇರಬೇಕು. ಓಸ್ಲೋದ ಪಶ್ಚಿಮದ ಗುಡ್ಡದಲ್ಲಿ
ಅಜ್ಜಿಯ ಊಟದ ಮೇಜಲ್ಲಿ ನಾನು ಕಲಿತದ್ದು ಹಾಗೆ;
ಮೊದಲಕ್ಷರ ಒತ್ತಿದರೆ ಅಜ್ಜಿಯ ಚಮಚ
ತಟ್ಟೆಯಂಚಿಗೆ ಟಣ್ಣೆನ್ನುತ್ತಿತ್ತು.

ಮೂಲೆಯಲ್ಲಿ ಕೂತು ಹೆಣೆಯುತ್ತಿದ್ದ ಹೆಂಡತಿ ಆಸ್ಲೌಗ್
ಕಡ್ಡಿ ನಿಲ್ಲಿಸದೆ ಅಂದರು:
"ಅವನು ಸರಿಯಾಗೇ ಹೇಳಿದ ಮಗಳೇ.
ನಮ್ಮ ಕಡೆ ಅದು ಬನ್ನನ್ನೇ,
ಅಂಗಡಿಗೆ ಮೊದಲ ಗೊನೆ ಬಂದ ದಿನದಿಂದ."

ಇಪ್ಪತ್ತೆರಡು ವಸಂತ ಈ ನದಿಯಲ್ಲಿ ಮರ ತೇಲಿಸಿದವರಂತೆ.
ದಿಮ್ಮಿಯಿಂದ ದಿಮ್ಮಿಗೆ ಹಾರುವಾಗ
ಮುಂಗಾಲಿನ ಮೇಲೇ ಮೈಭಾರ; ಹಿಂದಕ್ಕೆ ಬಿಟ್ಟರೆ
ದಿಮ್ಮಿ ಉರುಳುತ್ತದೆ, ನೀರು ಎಳೆಯುತ್ತದೆ.
(ಇದನ್ನು ಆಸ್ಲೌಗ್ ಹೇಳಿದರೋ, ನಾನೇ ಕಟ್ಟಿಕೊಂಡೆನೋ,
ಈಗ ನೆನಪಿಲ್ಲ.)
ಎರವಲು ಬಂದ ಪದದ ಮೇಲೂ ಅದೇ ಕಾಲು:
ಮೊದಲ ತುದಿಗೇ ಧೊಪ್ಪನೆ, ನಡುವಿನ ನಕಾರ ಸೀಳಿ
ಅರ್ಧ ಈ ದಿಮ್ಮಿಗೆ, ಅರ್ಧ ಆ ದಿಮ್ಮಿಗೆ.
ಹೆಂಡತಿಯ ಹೆಸರು ಹೋಗಿದೆ. ತನ್ನ ಹೆಸರೂ, ದಿನ ಬಿಟ್ಟು ದಿನ.
ಒತ್ತು ಮಾತ್ರ ಇದ್ದಲ್ಲೇ ಇದೆ.

ರಬ್ಬರು ಹುಡುಕಿ ಉಜ್ಜಿದೆ. ಕಾಗದ ಮೂರು ಕಡೆ ಬೂದಿಬಣ್ಣ.

ಮುಂದಿನ ಚೀಟಿ, ರೈಲು ನಿಲ್ದಾಣ.
ಸ್ತ, ಅಂದೆ. ಅಲ್ಲೇ ನಿಂತೆ.
ಎಲ್ಲಿ ಮುರಿಯಲಿ, ಯಾವುದಕ್ಕೆ ತಟ್ಟಲಿ?
ಬೆರಳು ಗಾಳಿಯಲ್ಲೇ ಇತ್ತು.

ಗುಡ್ಮಾರ್ ಎಡಗೈ ಚಾಚಿ ಅದನ್ನು ಹಿಡಿದು
ಮೇಜಿಗೆ ಒತ್ತಿದರು, ಮೊದಲನೆಯದಕ್ಕೆ,
ಉಗುರು ಬೆಳ್ಳಗಾಗುವಷ್ಟು.