ಹುಲ್ಲು ಕಚ್ಚಿದ್ದು

ಐದಕ್ಕೆ ಎರಡು ಮತಗಳಲ್ಲಿ ಇದನ್ನು ಕೊಂಡರು,
ಚರ್ಚಿನ ನೆಲಮಾಳಿಗೆಯಲ್ಲಿ, ತೆಳ್ಳನೆ ಕಾಫಿ ಕುಡಿಯುತ್ತ.
ಬೇಡವೆಂದ ಇಬ್ಬರಲ್ಲಿ ಒಬ್ಬಳು ನಾನು, ಲವೋನ್,
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು.
ಇನ್ನೊಬ್ಬ ಆರ್ವಿಡ್. ಅವನು ಎಲ್ಲಕ್ಕೂ ಬೇಡ ಅನ್ನುವವನು,
ಹಾಗಾಗಿ ಅವನದು ಲೆಕ್ಕಕ್ಕಿಲ್ಲ.

ಸಾವಿರದ ಆರುನೂರು ಡಾಲರು. ಕೆಂಪೆಂದರೆ ಕೆಂಪು,
ಕೊಯ್ದಿಟ್ಟ ಕಲ್ಲಂಗಡಿ ನಾಚುವಷ್ಟು.
ಬಾನೆಟ್ಟಿನ ಮೇಲೆ ಗುಟುರು ಹಾಕುವ ಗೂಳಿಯ ಚಿತ್ರ.
ಬೆರಳಲ್ಲಿ ತಟ್ಟಿದೆ: ಟಪ್ ಟಪ್,
ಖಾಲಿ ಮೊಸರು ಡಬ್ಬಿಯ ಸದ್ದು.
ಮೇಲೆ ಥಳಕು, ಸರಿ;
ಒಳಗಿನದು ತಿಳಿಯಲು ಮೂರು ವಾರ ಹಿಡಿಯಿತು.

ನಮ್ಮ ಸ್ಮಶಾನ ಮೂರೂವರೆ ಎಕರೆ, ಉತ್ತರಕ್ಕೆ ಇಳಿಜಾರು,
ಕೆಳಗೆ ತೊರೆ, ಆಚೆಗೆ ಸೋಯಾ ಹೊಲ.
ಸಮಾಧಿಗಳು ಇನ್ನೂರ ಹನ್ನೆರಡು.
ಮಿನೆಸೋಟದ ಈ ಮೂಲೆಯಲ್ಲಿ ಗಾಳಿ ನಿಂತರೆ
ಜನ ಹೊರಗೆ ಬಂದು ಆಕಾಶ ನೋಡುತ್ತಾರೆ.

ಮೊದಲು ಮುರಿದದ್ದು ಸೀಟಿನ ಸ್ಪ್ರಿಂಗು.
ನಾನು ತೂಕದವಳೇ, ಒಪ್ಪುತ್ತೇನೆ, ಆದರೂ
ಸೀಟೆಂದ ಮೇಲೆ ಯಾರೋ ಕೂರುತ್ತಾರೆಂದು ಅಂದುಕೊಳ್ಳಬೇಡವೆ?
ಆಮೇಲೆ ಬೆಲ್ಟು. ಜಾರಿತು, ಹಾಕಿದೆ, ಜಾರಿತು, ಹಾಕಿದೆ,
ಹಟಮಾರಿ ಮಗುವಿನ ಕಾಲ್ಚೀಲದ ಹಾಗೆ.
ಸ್ಟೇರಿಂಗಿನ ಹಲ್ಲುಗಳೋ, ಹಾಲುಹಲ್ಲು:
ಬಲಕ್ಕೆ ತಿರುಗಿಸಿದರೆ ಯೋಚಿಸಿ ತಿರುಗುತ್ತದೆ,
ಎಡಕ್ಕೆ ತಿರುಗಿಸಿದರೆ ಯೋಚಿಸುತ್ತದೆ.
ಮುಂದಿನ ಗಾಲಿಗೆ ಬೇರಿಂಗಿಲ್ಲ, ಪ್ಲಾಸ್ಟಿಕ್ಕಿನ ಬಳೆ.
ಬಳೆ!
ಅಲಗುಗಳ ಮೇಲಿನ ತಗಡು
ಇಲಿ ತೋಡಿದ ಮಣ್ಣುಗುಪ್ಪೆ ತಾಗಿ ನೆಗ್ಗಿತು.

ಅಂಗಡಿಗೆ ಫೋನು ಮಾಡಿದೆ. ಹೆದ್ದಾರಿಯ ಪಕ್ಕದ ದೊಡ್ಡಂಗಡಿ,
ಅಲ್ಲೇ ಕಾಲ್ಚೀಲ, ಅಲ್ಲೇ ಹಂದಿಮಾಂಸ, ಅಲ್ಲೇ ಇದು.
ಕೇಡನ್ ಎಂಬ ಹುಡುಗ, ವಿನಯವಂತ.
“ಎಲ್ಲಿ ಬಳಸುತ್ತೀರಿ, ಮ್ಯಾಡಂ?”
“ಸ್ಮಶಾನದಲ್ಲಿ.”
ಕಾಗದ ಮಗುಚುವ ಸದ್ದು.
“ಅದು ವಾಣಿಜ್ಯ ಬಳಕೆ ಆಗುತ್ತೆ.
ವಾರಂಟಿ ಇರೋದು ಮನೆಯಂಗಳಕ್ಕೆ ಮಾತ್ರ.”
ಇಲ್ಲಿರುವ ಇನ್ನೂರ ಹನ್ನೆರಡು ಜನಕ್ಕೂ
ಇದೇ ಮನೆ ಕಣಪ್ಪ, ಅಂದೆ,
ಬಿಟ್ಟು ಹೋದವರು ಯಾರೂ ಇಲ್ಲ.
ಮೇಲಿನವರನ್ನು ಕೇಳುತ್ತೇನೆ ಅಂದ.
ನನಗೂ ಅನ್ನಿಸಿತು, ಇನ್ನು ಮೇಲಿನವನನ್ನೇ ಕೇಳಬೇಕು.

ಶುಕ್ರವಾರ. ಮರುದಿನ ಇಂಗಾ ಬ್ರೆಕ್ಕೆಯ ಮಣ್ಣು.
ಇಳಿಜಾರಿನ ನಡುವೆ, ಪಾಮರ್ ಎಂಗೆನ್‌ನ ಕಲ್ಲಿನ ಹತ್ತಿರ,
ಹೊಟ್ಟೆಯೊಳಗೆ ಏನೋ ಮುರಿಯಿತು, ಬಿಸ್ಕತ್ತು ಮುರಿದಂತೆ,
ಹುಲ್ಲು ಕೊಯ್ಯಲು ಬಂದದ್ದು
ಹುಲ್ಲು ಕಚ್ಚಿ ನಿಂತಿತು.

ಈ ಪಾಮರ್ ನಲವತ್ತು ವರ್ಷ ಕಬ್ಬಿಣದ ಅಂಗಡಿ ಇಟ್ಟಿದ್ದವನು.
ಬೋಲ್ಟು ಕೇಳಿದರೆ ಯಾತಕ್ಕೆಂದು ಕೇಳುತ್ತಿದ್ದ,
ಯಾತಕ್ಕೆಂದು ತಿಳಿದ ಮೇಲೆ ಕೆಲವೊಮ್ಮೆ ಕೊಡುತ್ತಲೇ ಇರಲಿಲ್ಲ.
“ಇದು ತಡೆಯೋದಿಲ್ಲ, ಲವೋನ್. ಸೋಮವಾರ ಬಾ, ಬೇರೆ ತರಿಸ್ತೀನಿ.”
ನಾನು ಡೇಲನನ್ನು ಮದುವೆಯಾಗುವಾಗಲೂ
ಚಿಲ್ಲರೆ ಎಣಿಸುತ್ತ ಅದನ್ನೇ ಅಂದಿದ್ದ,
ಬೇರೆ ತರಿಸುತ್ತೇನೆ ಅನ್ನಲಿಲ್ಲ ಅಷ್ಟೆ.
ಹನ್ನೊಂದು ವರ್ಷ ತಡೆಯಿತು, ಬಿಡಿ.

ಅವನ ಕಲ್ಲಿಗೆ ಒರಗಿ ಕೂತೆ.
ಬದುಕಿದ್ದಾಗಲೇ ಆರಿಸಿಟ್ಟ ಗ್ರಾನೈಟು,
ಬೆಲೆ ಕೇಳಿ ಊರು ನಕ್ಕಿತ್ತು.
ಬಿಸಿಲಿಗೆ ಬೆಚ್ಚಗಿತ್ತು. ನನ್ನ ಇಡೀ ಭಾರಕ್ಕೆ
ಕೂದಲೆಳೆಯಷ್ಟೂ ಅಲುಗಲಿಲ್ಲ.

ಸಂಜೆ ಆರ್ವಿಡ್ ಬಂದ, ಅಪ್ಪನ ಕಾಲದ ಉದ್ದ ಕುಡುಗೋಲು ಹೊತ್ತು.
ಕಲ್ಲಿಗೆ ಉಗುಳಿ ಮಸೆದ, ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ.
ಸರ್ರ್, ಸರ್ರ್. ನಾನು ಹಿಂದೆ ಹಿಂದೆ ಬಾಚುತ್ತ ಹೋದೆ.
ಕತ್ತಲಾದ ಮೇಲೂ ಅವನ ಪಿಕಪ್ಪಿನ ದೀಪ ಹಾಕಿಕೊಂಡು
ಇಂಗಾಳ ಗುಂಡಿಯ ಸುತ್ತಲಷ್ಟನ್ನು ಮುಗಿಸಿದೆವು.

ಕೆಂಪು ಗೂಳಿಯನ್ನು ಮಾತ್ರ ಅಲುಗಿಸಲಾಗಲಿಲ್ಲ.
ಚರ್ಚಿನ ಬಿಳಿ ಮೇಜುಬಟ್ಟೆ ತಂದು ಹೊದಿಸಿದೆವು.
ಶನಿವಾರದ ಫೋಟೋಗಳಲ್ಲೆಲ್ಲ ಅದಿದೆ,
ಅತ್ತ ಸೊಸೆಯಂದಿರ ಹಿಂದೆ, ಗಾಳಿಗೆ ಅಂಚು ಹಾರಿಸುತ್ತ.
ಹೊಸ ಪಾದ್ರಿಗೆ ಕಣ್ಣು ಸ್ವಲ್ಪ ಮಂಜು;
ಹೊರಡುವ ಮುನ್ನ ಅದರೆದುರೂ ನಿಂತು
ಹ್ಯಾಟು ತೆಗೆದರು.